ಮಳೆ ಮತ್ತು ಪರ್ಮಾಫ್ರಾಸ್ಟ್: ‘ಕರಗು’ ಎಂಬ ಒಂದೇ ಮಾತು ಸಾಕಾ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಅಲಾಸ್ಕಾ, ಸೈಬೀರಿಯಾ ಕಡೆ ಮಳೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎರಡೂ ಬದಲಾಗುತ್ತಿವೆ. ಇದರಿಂದ ಅಲ್ಲಿನ ಪರ್ಮಾಫ್ರಾಸ್ಟ್, ಅಂದರೆ ವರ್ಷಗಟ್ಟಲೆ ಸೊನ್ನೆ ಡಿಗ್ರಿಗಿಂತ ಮೇಲೇರದ ನೆಲ, ಅದರೊಳಗಿನ ತಾಪಮಾನ ಏನಾಗುತ್ತದೆ ಅನ್ನುವುದು ವಿಷಯ. ‘ಮಳೆ ಜಾಸ್ತಿಯಾದರೆ ಪರ್ಮಾಫ್ರಾಸ್ಟ್ ಕರಗುತ್ತದೆ’ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು. ಸುದ್ದಿಗಳಲ್ಲಿ ಹಾಗೇ ಬರುತ್ತದೆ. ಆದರೆ ಆ ಸಾಲಿನಲ್ಲಿರುವ ಮಳೆ, ಪರ್ಮಾಫ್ರಾಸ್ಟ್, ಕರಗು ಮೂರೂ ಮಾತುಗಳು ಓದುವವರನ್ನು ದಾರಿ ತಪ್ಪಿಸುತ್ತವೆ. ಮಕ್ಕಳು ಓದುವ ಬರಹ, ತಪ್ಪು ಚಿತ್ರ ಒಮ್ಮೆ ಮನಸ್ಸಿಗೆ ಇಳಿದರೆ ಅಳಿಸುವುದು ಕಷ್ಟ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ನೆಲದೊಳಗೆ ಏನಾಗುತ್ತದೆ ಅಂತ ಹೇಳದೆ ಬರೀ ಪದ ಕೇಳಿದರೆ ಸರಿಯಾದ ಪದ ಸಿಗುವುದಿಲ್ಲ.

ಮೊದಲು ಪರ್ಮಾಫ್ರಾಸ್ಟ್. ಕನ್ನಡದಲ್ಲಿ ‘ಶಾಶ್ವತ ಹಿಮ’, ‘ನಿತ್ಯಹಿಮ’ ಎಂಬ ರೂಪಗಳು ಅಲ್ಲಲ್ಲಿ ಕಾಣುತ್ತವೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಪರ್ಮಾಫ್ರಾಸ್ಟ್ ಹಿಮವೇ ಅಲ್ಲ, ಅದು ನೆಲ. ಕನಿಷ್ಠ ಎರಡು ವರ್ಷ ಒಂದೇ ಸಮನೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲೋ ಅದಕ್ಕಿಂತ ಕೆಳಗೋ ಇರುವ ಯಾವ ನೆಲಕ್ಕಾದರೂ ಆ ಹೆಸರು ಸಲ್ಲುತ್ತದೆ. ಮಣ್ಣಿರಲಿ, ಮರಳಿರಲಿ, ಕಲ್ಲಿರಲಿ. ಲಾಲ್‌ಬಾಗಿನ ಬಂಡೆಯಂಥ ಒಣಕಲ್ಲು ಕೂಡ ಅಷ್ಟು ಕಾಲ ಅಷ್ಟು ತಣ್ಣಗಿದ್ದರೆ ಪರ್ಮಾಫ್ರಾಸ್ಟೇ. ಒಳಗೆ ಒಂದು ಹನಿ ನೀರಿಲ್ಲದಿದ್ದರೂ ಸೈ. ‘ಹಿಮ’ ಅಂತ ಬರೆದ ಕೂಡಲೇ ಮಕ್ಕಳ ಕಣ್ಣಿಗೆ ಬೆಳ್ಳನೆಯ ಬೆಟ್ಟ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹುಲ್ಲು, ಹೂವು, ಸೊಳ್ಳೆ ಎಲ್ಲ ಇರುತ್ತವೆ ಅಂತ ಆಮೇಲೆ ಎಷ್ಟು ಹೇಳಿದರೂ ಆ ಬಿಳುಪು ಹೋಗುವುದಿಲ್ಲ.

‘ಶಾಶ್ವತ’, ‘ನಿತ್ಯ’ ಕೂಡ ಬೇಡ ಅನ್ನಲು ಕಾರಣವಿದೆ. ಪರ್ಮಾಫ್ರಾಸ್ಟ್ ಎಂಬ ಪದವನ್ನು 1943ರಲ್ಲಿ ಅಮೆರಿಕದ ಭೂವಿಜ್ಞಾನಿ ಸೈಮನ್ ಮುಲ್ಲರ್ ಹುಟ್ಟಿಸಿದರು. ಅದಕ್ಕೂ ಮೊದಲೇ ರಷ್ಯನ್ನರು ‘ವೇಚ್ನಯಾ ಮೆರ್ಜ್ಲೋತಾ’ ಅನ್ನುತ್ತಿದ್ದರು. ಕೊನೆಯಿಲ್ಲದ ಹೆಪ್ಪು ಅಂತ ಅರ್ಥ. ಅಲ್ಲಿನ ವಿಜ್ಞಾನಿಗಳೇ ಆಮೇಲೆ ‘ಹಲವು ವರ್ಷದ ಹೆಪ್ಪು’ ಎಂಬ ಅರ್ಥದ ಮಾತಿಗೆ ಬಂದರು. ಶಾಶ್ವತವಲ್ಲದ ವಸ್ತುವನ್ನು ಶಾಶ್ವತ ಅಂತ ಕರೆಯುವುದು ಅವರಿಗೂ ಸರಿಬರಲಿಲ್ಲ. ಹಾಗೆ ಕರೆಯಲು ಮೊದಲು ಏಕೆ ಮನಸ್ಸಾಯಿತು ಅನ್ನುವುದೂ ಅರ್ಥವಾಗುವಂಥದ್ದೇ. ಸೈಬೀರಿಯಾದ ಯಾಕುತ್ಸ್ಕ್ ಊರಿನಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ 1828ರಿಂದ 1837ರವರೆಗೆ ಬಾವಿ ತೋಡಿಸಿದ. 116 ಮೀಟರ್ ಇಳಿದರೂ ನೀರು ಸಿಗಲಿಲ್ಲ, ಹೆಪ್ಪುಗಟ್ಟಿದ ನೆಲವೇ ಸಿಕ್ಕಿತು. ಬೋರ್‌ವೆಲ್ ಕೊರೆಸಿ ಕೈಸುಟ್ಟುಕೊಂಡ ಬೆಂಗಳೂರಿಗರಿಗೆ ಆತನ ಸಂಕಟ ಗೊತ್ತಾಗುತ್ತದೆ.

ನನ್ನ ಒಲವು ‘ಹೆಪ್ಪುನೆಲ’ದ ಕಡೆ. ಹೆಪ್ಪು ಎಲ್ಲರಿಗೂ ಗೊತ್ತು. ರಕ್ತ ಹೆಪ್ಪುಗಟ್ಟುತ್ತದೆ, ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ತಕರಾರು ಒಂದಿದೆ: ಹೆಪ್ಪುಗಟ್ಟಬೇಕಾದರೆ ಮೊದಲು ತೆಳ್ಳಗಿರುವ ವಸ್ತು ಇರಬೇಕು. ಒಣಬಂಡೆಗೆ ಈ ಮಾತು ಹೊಂದುವುದಿಲ್ಲ. ಅದಕ್ಕೆ ‘ಮರಗಟ್ಟು’ ಚೆನ್ನಾಗಿದೆ. ಚಳಿಗೆ ಕೈ ಮರಗಟ್ಟಿತು ಅನ್ನುತ್ತೇವಲ್ಲ, ಅಲ್ಲಿ ಏನೂ ಗಡ್ಡೆಕಟ್ಟಿರುವುದಿಲ್ಲ, ತಣ್ಣಗಾಗಿ ಬಿಗಿದಿರುತ್ತದೆ. ಆದರೆ ‘ಮರಗಟ್ಟುನೆಲ’ ಓದಿದರೆ ಮರ ನೆಟ್ಟ ಜಾಗ ಅನ್ನಿಸುವ ಭಯ. ನನ್ನ ಲೇಖನದಲ್ಲಿ ಬಂಡೆಯ ಮಾತು ಕಡಿಮೆ, ಮಣ್ಣಿನ ಮಾತೇ ಜಾಸ್ತಿ. ಹಾಗಾಗಿ ‘ಹೆಪ್ಪುನೆಲ’ ಇಟ್ಟುಕೊಂಡು ಮುಂದೆ ಹೋಗುತ್ತೇನೆ. ಒಪ್ಪಿಗೆ ಇಲ್ಲದವರು ಹೇಳಿ.

ಹೆಪ್ಪುನೆಲದ ಮೇಲೆ ಒಂದು ಪದರ ಪ್ರತಿ ಬೇಸಿಗೆ ಮೆತ್ತಗಾಗುತ್ತದೆ, ಚಳಿಗಾಲಕ್ಕೆ ಮತ್ತೆ ಬಿಗಿಯುತ್ತದೆ. ಇದಕ್ಕೆ ‘ಸಕ್ರಿಯ ಪದರ’ ಎಂಬುದು ಸಿದ್ಧ ಅನುವಾದ. ಸುಮ್ನೆ ಪದಕ್ಕೆ ಪದ ಇಟ್ಟಂತಿದೆ, ಅದು ಏನು ಮಾಡುತ್ತದೆ ಅಂತ ಹೇಳುವುದೇ ಇಲ್ಲ. ‘ಬೇಸಿಗೆ ಪದರ’ ಅಂದರೆ ಹೇಗೆ? ಕೆಲವು ಕಡೆ ಅರ್ಧ ಮೀಟರೂ ಇರುವುದಿಲ್ಲ, ಕೆಲವು ಕಡೆ ಎರಡು ಮೂರು ಮೀಟರ್ ಇರುತ್ತದೆ. ಮಳೆಯ ಆಟವೆಲ್ಲ ನಡೆಯುವುದು ಈ ಪದರದಲ್ಲೇ.

ಇಲ್ಲಿಂದ ವಿಷಯ ನಿಜಕ್ಕೂ ಸ್ವಾರಸ್ಯವಾಗುತ್ತದೆ. ‘ಮಳೆನೀರು ಬೆಚ್ಚಗಿರುತ್ತದೆ, ನೆಲ ತಣ್ಣಗಿರುತ್ತದೆ, ಆದ್ದರಿಂದ ಮಳೆ ನೆಲವನ್ನು ಬಿಸಿ ಮಾಡುತ್ತದೆ’ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಅದು 10 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ನೆಲಕ್ಕಿಳಿದು ಸೊನ್ನೆಗೆ ಬಂದರೆ ಅದು ಕೊಡುವ ಕಾವು ಸುಮಾರು 42 ಕಿಲೋಜೌಲ್. 125 ಗ್ರಾಂ ಮಂಜುಗಡ್ಡೆ ಕರಗಿಸಲು ಅಷ್ಟು ಸಾಕು. ಅದೇ ಲೀಟರ್ ಮೇಲಿಂದಲೇ ಆವಿಯಾಗಿ ಹೋದರೆ? ಆವಿಯಾಗಲು ಸುಮಾರು 2,500 ಕಿಲೋಜೌಲ್ ಬೇಕು. ತಂದ ಕಾವಿನ ಅರವತ್ತು ಪಟ್ಟು. ಅದರಲ್ಲಿ ಬಹುಪಾಲು ನೆಲದ ಮೇಲ್ಮೈಯಿಂದಲೇ ಹೋಗುತ್ತದೆ, ನೆಲ ತಂಪಾಗುತ್ತದೆ. ಇನ್ನು ಅದೇ ಲೀಟರ್ ಮಣ್ಣಿನಲ್ಲೇ ಉಳಿದು ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ 334 ಕಿಲೋಜೌಲ್ ಕಾವನ್ನು ಸುತ್ತಲಿನ ಮಣ್ಣಿಗೆ ಬಿಟ್ಟುಕೊಡುತ್ತದೆ. ಬೆಚ್ಚಗಿದ್ದದ್ದಕ್ಕೆ ತಂದದ್ದರ ಎಂಟು ಪಟ್ಟು.

ಒಂದೇ ಲೀಟರಿಗೆ ಮೂರು ಗತಿ. ಆವಿಯಾದರೆ ಒಂದು, ಕೆಳಗಿಳಿದರೆ ಒಂದು, ಹೆಪ್ಪುಗಟ್ಟಿದರೆ ಇನ್ನೊಂದು. ಮಳೆ ನೆಲವನ್ನು ಬಿಸಿ ಮಾಡುತ್ತದಾ, ತಂಪು ಮಾಡುತ್ತದಾ ಅನ್ನುವುದಕ್ಕೆ ಉತ್ತರ ಈ ಮೂರರಲ್ಲಿ ಯಾವುದು ಮೇಲುಗೈ ಅನ್ನುವುದರಲ್ಲಿದೆ. ಹಾಗಾಗಿ ಲೇಖನದಲ್ಲಿ ಈ ಮೂರಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಒಂದಕ್ಕೊಂದು ಬೆರೆಯಬಾರದು.

ಮೊದಲನೆಯದಕ್ಕೆ ನನ್ನ ಬಾಯಿಗೆ ಬರುವುದು ‘ಆರು’. ಮಳೆ ನಿಂತು ಬಿಸಿಲು ಬಂದಾಗ ಟೆರೇಸು ಆರುತ್ತಾ ಆರುತ್ತಾ ಕಾಲಿಗೆ ತಣ್ಣಗಾಗುತ್ತದಲ್ಲ, ಅದೇ ಕೆಲಸ. ಕನ್ನಡದ ಈ ಕ್ರಿಯಾಪದ ಎರಡನ್ನೂ ಒಟ್ಟಿಗೇ ಹಿಡಿದಿದೆ. ಬಟ್ಟೆ ಆರಿತು ಅಂದರೆ ಒಣಗಿತು, ಕಾಫಿ ಆರಿತು ಅಂದರೆ ತಣ್ಣಗಾಯಿತು. ಆವಿಯಾಗುವುದು ಮತ್ತು ತಂಪಾಗುವುದು ಒಂದೇ ಘಟನೆಯ ಎರಡು ಮುಖ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನಗೆ ಗೊತ್ತಿಲ್ಲ. ಆದರೆ ತೊಡಕೂ ಇಲ್ಲೇ. ‘ಮಳೆಯಾದ ಮೇಲೆ ನೆಲ ಬೇಗ ಆರಿತು’ ಅಂತ ಬರೆದರೆ ತೇವ ಹೋಯಿತು ಅನ್ನುತ್ತೀರಾ, ಕಾವು ಹೋಯಿತು ಅನ್ನುತ್ತೀರಾ? ಟಿಬೆಟ್ ಪ್ರಸ್ಥಭೂಮಿಯ ವಿಚಾರ ಬರೆಯುವಾಗ ಇದು ಮುಖ್ಯವಾಗುತ್ತದೆ. ಅಲ್ಲಿ ಗಿಡಮರ ಕಡಿಮೆ, ಬಿಸಿಲು ಚುರುಕು. ಬೇಸಿಗೆಯ ಮಳೆ ಬಹುಪಾಲು ಆವಿಯಾಗಿ ಹೋಗುತ್ತದೆ. ಅಲ್ಲಿ ಅಳತೆ ಮಾಡಿದವರು ಬೇಸಿಗೆ ಮಳೆ ಜಾಸ್ತಿಯಾದರೆ ನೆಲ ತಂಪಾಗುವುದನ್ನೇ ಕಂಡಿದ್ದಾರೆ. ಅಲ್ಲಿಗೆ ‘ಆರು’ ಎರಡು ಅರ್ಥದಲ್ಲೂ ಸರಿ. ಸೈಬೀರಿಯಾಕ್ಕೆ ಬಂದರೆ ತೇವ ಹೋಯಿತು ಎಂಬ ಒಂದೇ ಅರ್ಥದಲ್ಲಿ ಸರಿ.

ಎರಡನೆಯ ಗತಿಗೆ ‘ಇಂಗು’. ಮನೆಮನೆಗೂ ಇಂಗುಗುಂಡಿ ಮಾಡಿಸಿ ಅಂತ ಬೆಂಗಳೂರಿನಲ್ಲಿ ಕೇಳದ ದಿನವಿಲ್ಲ, ಹಾಗಾಗಿ ಮಕ್ಕಳಿಗೂ ಗೊತ್ತಿರುವ ಪದ. ನಮಗೆ ಇಂಗುವುದು ಅಂದರೆ ನೀರು ಕಣ್ಮರೆಯಾಗಿ ಆಳಕ್ಕೆ ಹೋಗುವುದು. ಅಲ್ಲಿ ನೀರಿಗೆ ಅಂಥ ಆಳವಿಲ್ಲ. ಬೇಸಿಗೆ ಪದರದ ತಳಕ್ಕೆ ಬಂದು ಹೆಪ್ಪುನೆಲಕ್ಕೆ ತಾಗಿ ನಿಲ್ಲುತ್ತದೆ. ಇಳಿಜಾರಿದ್ದರೆ ಪಕ್ಕಕ್ಕೆ ಹರಿಯುತ್ತದೆ, ಇಲ್ಲದಿದ್ದರೆ ಜೌಗಾಗುತ್ತದೆ. ಮರ ಬೆಳೆಯದ ಉತ್ತರದ ಚಳಿಬಯಲಾದ ಟಂಡ್ರಾದಲ್ಲಿ ಅಷ್ಟೊಂದು ಜೌಗು ಇರುವುದು ಮಳೆ ಜಾಸ್ತಿ ಅಂತಲ್ಲ. ಅಲ್ಲಿ ಎಷ್ಟೋ ಕಡೆ ವರ್ಷದ ಒಟ್ಟು ಮಳೆ-ಹಿಮ ನಮ್ಮ ಬಯಲುಸೀಮೆಗಿಂತ ಕಡಿಮೆ. ತಳ ಮುಚ್ಚಿದೆ, ಅದಕ್ಕೆ. ನಾನು ‘ಇಂಗಿ ನಿಲ್ಲು’ ಅಂತ ಬರೆದಿದ್ದೇನೆ. ಇದಕ್ಕಿಂತ ಬಿಗಿಯಾದ ಮಾತು ಯಾರ ಊರಿನಲ್ಲಾದರೂ ಇದೆಯಾ? ಕಲ್ಲುತಳದ ಹೊಲದಲ್ಲಿ ನೀರು ಸ್ವಲ್ಪ ಇಳಿದು ಅಲ್ಲೇ ಕೂತುಬಿಡುವುದಕ್ಕೆ ರೈತರು ಏನೋ ಒಂದು ಮಾತು ಆಡುತ್ತಿರಬೇಕು.

ಹೀಗೆ ನಿಂತ ನೀರು ಬರೀ ತಂದ ಕಾವಿನಿಂದ ಕೆಲಸ ಮಾಡುವುದಿಲ್ಲ, ಮಣ್ಣಿನ ಗುಣವನ್ನೇ ಬದಲಾಯಿಸುತ್ತದೆ. ಆ ಕಡೆ ನೆಲದ ಮೇಲೆ ದಪ್ಪಗೆ ಸ್ಫ್ಯಾಗ್ನಮ್ ಮಾಸ್ ಎಂಬ ಮೆತ್ತನೆಯ ಪುಟ್ಟ ಗಿಡ ಬೆಳೆದಿರುತ್ತದೆ. ಆರ್ಕಿಡ್ ಬೆಳೆಸುವವರು ನರ್ಸರಿಯಿಂದ ತರುವ ಒಣ ಮಾಸ್ ನೋಡಿದ್ದರೆ ಅಂದಾಜು ಸಿಗುತ್ತದೆ. ಹಿಡಿತುಂಬ ಹಿಡಿದರೂ ತೂಕವೇ ಇರುವುದಿಲ್ಲ, ಒಳಗೆಲ್ಲ ಗಾಳಿ. ಗಾಳಿ ಕಾವನ್ನು ಸಾಗಿಸುವುದು ತೀರಾ ಕಡಿಮೆ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಸಾಗಿಸುತ್ತದೆ. ಮಂಜುಗಡ್ಡೆ ನೀರಿಗಿಂತ ಸುಮಾರು ನಾಲ್ಕು ಪಟ್ಟು. ಹಾಗಾಗಿ ಒಣ ಬೇಸಿಗೆಯಲ್ಲಿ ಮಾಸ್ ಕೆಳಗಿನ ಹೆಪ್ಪುನೆಲವನ್ನು ಬಿಸಿಲಿನಿಂದ ಕಾಯುತ್ತದೆ. ಮಳೆಗೆ ಒದ್ದೆಯಾದರೆ ಅದೇ ಮಾಸ್ ಕಾವನ್ನು ಕೆಳಗೆ ಬಿಡುತ್ತದೆ. ಚಳಿಗಾಲದಲ್ಲಿ ಇದು ತಿರುಗಾಮುರುಗಾ: ಒದ್ದೆ ಮಾಸ್ ಹೆಪ್ಪುಗಟ್ಟಿದ ಮೇಲೆ ನೆಲದ ಕಾವು ಮೇಲಕ್ಕೆ ಸಲೀಸಾಗಿ ಹೊರಟುಹೋಗುತ್ತದೆ. ಮಳೆ ಮಾಡಿದ ಕೆಡುಕನ್ನು ಅದೇ ನೀರು ಚಳಿಗಾಲದಲ್ಲಿ ಸ್ವಲ್ಪ ಸರಿಮಾಡಬಹುದು. ಆದರೆ ಮೇಲೆ ದಪ್ಪ ಹಿಮ ಬಿದ್ದರೆ ಅದು ನೆಲವನ್ನು ಮುಚ್ಚಿ ಕಾವನ್ನು ಒಳಗೇ ಉಳಿಸುತ್ತದೆ. ಇಲ್ಲಿ ‘ಮಾಸ್’ಗೆ ‘ಪಾಚಿ’ ಬರೆಯಲು ನನಗೆ ಧೈರ್ಯವಿಲ್ಲ. ಪಾಚಿ ಅಂದರೆ ಕೆರೆಯ ಮೇಲಿನ ಹಸಿರು, ಬಾತ್‌ರೂಮಿನ ಜಾರಿಕೆ. ‘ಹಾವಸೆ’ ಚೆಂದ, ಆದರೆ ಅದೂ ನೀರಿನ ಹಾವಸೆಗೇ ಹೋಗುತ್ತದೆ. ಮಾಸ್ ಕೆಳಗೆ ‘ಪೀಟ್’ ಬೇರೆ ಇದೆ. ಕೋಕೋಪೀಟ್ ಮಾರುವ ಊರಿನಲ್ಲಿ ‘ಪೀಟ್’ ಅಂದರೆ ಎಲ್ಲರೂ ತೆಂಗಿನ ನಾರಿನ ಪುಡಿ ಅಂದುಕೊಳ್ಳುತ್ತಾರೆ. ನಿಜವಾದ ಪೀಟ್ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಉಳಿದ ಗಿಡದ ರಾಶಿ.

ಇನ್ನು ‘ಮಳೆ’. ಈ ಪದದಲ್ಲಿ ಏನು ತೊಡಕು ಅನ್ನಬಹುದು. ತೊಡಕು ‘ಮಳೆ ಪ್ರಮಾಣ’ ಎಂಬ ಮಾತಿನಲ್ಲಿದೆ. ನಮ್ಮ ರೈತರು ಬರೀ ಎಷ್ಟು ಮಳೆ ಅಂತ ಕೇಳುವುದಿಲ್ಲ, ಯಾವ ಮಳೆ ಅಂತ ಕೇಳುತ್ತಾರೆ. ಭರಣಿ ಮಳೆಯೋ, ಮೃಗಶಿರಾ ಮಳೆಯೋ, ಸ್ವಾತಿ ಮಳೆಯೋ. ಹೆಪ್ಪುನೆಲದ ವಿಷಯದಲ್ಲೂ ‘ಯಾವ ಮಳೆ’ ಎಂಬುದೇ ಸರಿಯಾದ ಪ್ರಶ್ನೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತ ವರ್ಷಗಟ್ಟಲೆ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬೇಸಿಗೆಯಲ್ಲಿ ಒಂದು ಸೆಂಟಿಮೀಟರ್ ಮಳೆ ಹೆಚ್ಚಿಗೆ ಬಂದರೆ ಬೇಸಿಗೆ ಪದರದ ಆಳ ಸುಮಾರು 0.7 ಸೆಂಟಿಮೀಟರ್ ಹೆಚ್ಚುತ್ತದೆ ಅನ್ನುತ್ತದೆ ಅದು. ಇದನ್ನು ಮೇಲಿನ ಲೆಕ್ಕದ ಜೊತೆ ಇಟ್ಟು ನೋಡಿದೆ. ನೀರು 10 ಡಿಗ್ರಿ ಇದ್ದು, ಮಣ್ಣಿನಲ್ಲಿ ಅರ್ಧದಷ್ಟು ಮಂಜುಗಡ್ಡೆ ಇದ್ದರೆ, ಒಂದು ಸೆಂಟಿಮೀಟರ್ ಮಳೆ ತನ್ನ ಬೆಚ್ಚಗಿನಿಂದ ಮಾತ್ರ ಇಳಿಸಬಹುದಾದದ್ದು 0.3 ಸೆಂಟಿಮೀಟರಿಗೂ ಕಡಿಮೆ. ಉಳಿದದ್ದಕ್ಕೆ ಒದ್ದೆ ಮಣ್ಣು ಕಾವು ಸಾಗಿಸುವ ಗುಣವೇ ಕಾರಣ ಅಂತ ನನಗೆ ಕಾಣುತ್ತದೆ. ಮಳೆ ಕಾವನ್ನು ಹೊತ್ತು ತರುವುದಕ್ಕಿಂತ ಕಾವಿಗೆ ದಾರಿ ಮಾಡಿಕೊಡುವುದೇ ಹೆಚ್ಚು.

ಸೈಬೀರಿಯಾದ ಟಂಡ್ರಾದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಒಂದು ಬೇಸಿಗೆ, ಮಾಮೂಲಿ ಮಳೆಯ ಮೇಲೆ ಇನ್ನೂ 100 ಮಿಲಿಮೀಟರ್‌ನಷ್ಟು ನೀರನ್ನು ನೆಲಕ್ಕೆ ಹಾಯಿಸಿದರು. ಬೆಂಗಳೂರಿಗೆ 100 ಮಿಲಿಮೀಟರ್ ಒಂದು ರಾತ್ರಿಯ ಮಳೆ. ಅಲ್ಲಿ ಅದು ಇಡೀ ಬೇಸಿಗೆಯ ಮಳೆಗಿಂತ ಜಾಸ್ತಿ. 2022ರಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ ಬೇಸಿಗೆ ಪದರದ ಆಳ 35 ಶೇಕಡದವರೆಗೆ ಹೆಚ್ಚಿತು. ಮುಂದಿನ ಎರಡು ಬೇಸಿಗೆಗಳಲ್ಲೂ ಆ ಪರಿಣಾಮ ಉಳಿದಿತ್ತು. ಆಮೇಲೆ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದಾಗ, ಬೇಸಿಗೆ ಬಿಸಿಯಾಗಿದ್ದು, ಮಳೆ ನಟ್ಟನಡುವೆ ಬಂದರೆ ಪೆಟ್ಟು ಹೆಚ್ಚು ಅಂತ ಗೊತ್ತಾಯಿತು.

ಚಳಿಗಾಲದ ಮಳೆ ಇವೆಲ್ಲಕ್ಕಿಂತ ವಿಚಿತ್ರ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2012ರ ಜನವರಿ 30ರಂದು, ಸೂರ್ಯನೇ ಕಾಣದ ಕಾಲದಲ್ಲಿ, ನ್ಯೂ ಓಲೆಸುಂಡ್ ಎಂಬಲ್ಲಿ 98 ಮಿಲಿಮೀಟರ್ ಮಳೆ ಬಿತ್ತು. ಹಿಮದ ಮೇಲೆ ಬಿದ್ದ ನೀರು ಜಿನುಗಿ ಕೆಳಗಿಳಿದು ನೆಲದ ಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಬಿಡುವ ಕಾವು ನೆಲಕ್ಕೆ. ಅದಿಲ್ಲದಿದ್ದರೆ ಮೈನಸ್ ಹತ್ತು, ಹದಿನೈದಕ್ಕೆ ಇಳಿಯಬೇಕಾದ ನೆಲದ ಮೇಲ್ಮೈ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಹಿಮಸಾರಂಗಗಳ ಮೇವು ಗಟ್ಟಿ ಮಂಜುಗಡ್ಡೆಯ ಕೆಳಗೆ ಸಿಕ್ಕಿಹಾಕಿಕೊಂಡು ಅವುಗಳಲ್ಲಿ ಹಲವು ಹಸಿವಿನಿಂದ ಸತ್ತವು. ಇದನ್ನು ‘ಮಂಜಿನ ಮೇಲೆ ಮಳೆ’ ಅಂತ ಬರೆಯಲು ಹೋದರೆ ನಮ್ಮ ಓದುಗರು ಡಿಸೆಂಬರಿನ ಬೆಳಗಿನ ಮುಸುಕಿನಲ್ಲಿ ಹನಿ ಬಿದ್ದಂತೆ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಮಂಜು ಕಣ್ಣಿಗೆ ಮುಸುಕುವ ವಸ್ತು, ನೆಲದ ಮೇಲೆ ಕೂರುವುದಲ್ಲ. ಆದ್ದರಿಂದ ಬಿದ್ದು ಕೂತದ್ದಕ್ಕೆ ಹಿಮ, ಗಟ್ಟಿಯಾದದ್ದಕ್ಕೆ ಮಂಜುಗಡ್ಡೆ, ಮುಸುಕಿಗೆ ಮಾತ್ರ ಮಂಜು. ಲೇಖನದುದ್ದಕ್ಕೂ ಇದನ್ನು ಬಿಡದೆ ಪಾಲಿಸುತ್ತಿದ್ದೇನೆ.

ಇಷ್ಟು ಹೊತ್ತು ನಾನು ‘ಕಾವು’ ಬೇರೆ, ‘ತಾಪಮಾನ’ ಬೇರೆ ಎಂದು ಬರೆದದ್ದನ್ನು ಗಮನಿಸಿರಬಹುದು. ಪಠ್ಯಪುಸ್ತಕದ ‘ಉಷ್ಣ’, ‘ಉಷ್ಣತೆ’ ಜೋಡಿಯಲ್ಲಿ ಒಂದು ‘ತೆ’ ಮೇಲೆ ಅಷ್ಟು ಭಾರ ಹಾಕಿದ್ದಾರೆ, ಮಕ್ಕಳಿಗೆ ಎರಡೂ ಒಂದೇ ಆಗಿ ಕಾಣುತ್ತದೆ. ಇಲ್ಲಿ ಅವು ಬೇರೆಯಾಗದಿದ್ದರೆ ಲೇಖನವೇ ನಿಲ್ಲುವುದಿಲ್ಲ. ಶರತ್ಕಾಲದಲ್ಲಿ ಗಾಳಿ ಸೊನ್ನೆಗಿಂತ ಕೆಳಗೆ ಹೋದರೂ ಒದ್ದೆ ಬೇಸಿಗೆ ಪದರ ವಾರಗಟ್ಟಲೆ ಸೊನ್ನೆಯಲ್ಲೇ ನಿಂತಿರುತ್ತದೆ. ಕಾವು ಹೋಗುತ್ತಲೇ ಇರುತ್ತದೆ, ತಾಪಮಾನ ಇಳಿಯುವುದಿಲ್ಲ. ಒಳಗಿನ ನೀರೆಲ್ಲ ಹೆಪ್ಪುಗಟ್ಟಿ ಮುಗಿಯುವ ತನಕ ಹೀಗೇ. ಮಳೆ ಜಾಸ್ತಿಯಾದ ವರ್ಷ ಈ ನಿಲುಗಡೆ ಇನ್ನೂ ಉದ್ದ. ಕೆಳಗಿನ ಹೆಪ್ಪುನೆಲಕ್ಕೆ ಚಳಿ ತಲುಪುವುದು ತಡವಾಗುತ್ತದೆ. ವಿಜ್ಞಾನಿಗಳು ಇದನ್ನು ‘ಸೊನ್ನೆ ಪರದೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನನಗೆ ‘ಸೊನ್ನೆ ನಿಲುಗಡೆ’ ಮೇಲು ಅನ್ನಿಸಿದೆ. ಇದೇ ಕಾರಣಕ್ಕೆ ಥರ್ಮಾಮೀಟರ್ ಮಾತ್ರ ನೋಡಿದರೂ ಸಾಲದು. 2007ರಿಂದ 2016ರ ನಡುವೆ ಪ್ರಪಂಚದ ಹೆಪ್ಪುನೆಲ ಸರಾಸರಿ 0.29 ಡಿಗ್ರಿ ಬಿಸಿಯಾಯಿತು ಎಂಬ ಅಂಕಿ ಓದಿದವರು ‘ಇಷ್ಟೇನಾ’ ಅಂತಾರೆ. ಸೊನ್ನೆಯ ಅಂಚಿನಲ್ಲಿರುವ ನೆಲದಲ್ಲಿ ಬಂದ ಕಾವೆಲ್ಲ ಮಂಜುಗಡ್ಡೆ ಕರಗಿಸುವುದಕ್ಕೇ ಹೋಗುತ್ತದೆ, ತಾಪಮಾನ ಅಲ್ಲಾಡುವುದೇ ಇಲ್ಲ.

ಈಗ ನನಗೆ ಬಿಡಿಸಲಾಗದೆ ಉಳಿದ ಮಾತು, ‘ಕರಗು’. ಮಂಜುಗಡ್ಡೆ ಕರಗುತ್ತದೆ, ಸರಿ. ನೆಲ ಕರಗುವುದಿಲ್ಲ. ಮಣ್ಣು ಅಲ್ಲೇ ಇರುತ್ತದೆ, ಅದರ ಬಿಗಿ ಹೋಗುತ್ತದೆ. ಆ ಬಿಗಿ ಹೋಗುವುದರಿಂದಲೇ ಮನೆ ಕುಸಿಯುತ್ತದೆ, ರಸ್ತೆ ಬಾಗುತ್ತದೆ, ಗುಡ್ಡ ಜಾರುತ್ತದೆ. ದೂರದ ವಿಷಯವಲ್ಲ ಇದು. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರಕ್ಕೆ ಅದರ ದಂಡೆಯ ಹೆಪ್ಪುಗಟ್ಟಿದ ಕಲ್ಲುಮಣ್ಣಿನ ರಾಶಿ ಜಾರಿ ಬಿದ್ದು, ಉಕ್ಕಿದ ನೀರು ತೀಸ್ತಾ ನದಿಯ ಕಣಿವೆಯುದ್ದಕ್ಕೂ ನುಗ್ಗಿ ಚುಂಗ್‌ಥಾಂಗ್ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು. ಅದನ್ನು ‘ಹಿಮ ಕರಗಿತು’ ಅಂತ ಬರೆದರೆ ಏನಾಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ನಾನು ಯೋಚಿಸಿದ ರೂಪಗಳು ಇವು. ‘ಹೆಪ್ಪು ಬಿಡು’ ಹತ್ತಿರ ಬರುತ್ತದೆ, ಆದರೆ ಕೆಲವರಿಗೆ ಹಾಲಿಗೆ ಹೆಪ್ಪು ಬಿಟ್ಟಂತೆ ಕೇಳಿಸುತ್ತದೆ, ಅರ್ಥ ಪೂರಾ ಉಲ್ಟಾ. ‘ಹೆಪ್ಪೊಡೆ’ ಅಂದರೆ ಹಾಲು ಒಡೆದದ್ದು ನೆನಪಾಗುತ್ತದೆ, ಥಟ್ಟನೆ ಆದ ಘಟನೆ ಅನ್ನಿಸುತ್ತದೆ. ಇದು ನಿಧಾನಕ್ಕೆ ಆಗುವಂಥದ್ದು. ‘ಸಡಿಲು’ ನನಗೆ ಹಿಡಿಸಿದೆ: ‘ಮಳೆ ಜಾಸ್ತಿಯಾದ ಬೇಸಿಗೆಯಲ್ಲಿ ಹೆಪ್ಪುನೆಲ ಇನ್ನಷ್ಟು ಆಳಕ್ಕೆ ಸಡಿಲಿತು.’ ಓದಲು ಸಲೀಸಾಗಿದೆ. ಆದರೆ ಉತ್ತು ಸಡಿಲ ಮಾಡಿದ ಮಣ್ಣಿಗೂ ಇದೇ ಮಾತು. ಅಲ್ಲದೆ ತಾಪಮಾನದ ಸುಳಿವೇ ಇದರಲ್ಲಿಲ್ಲ. ‘ಹೆಪ್ಪಿಳಿ’ ಅಂತ ಹೊಸದಾಗಿ ಕಟ್ಟಬಹುದು, ಜ್ವರ ಇಳಿದಂತೆ, ಅಮಲು ಇಳಿದಂತೆ. ‘ಹೆಪ್ಪಿಳಿದ ಆಳ’ ಎಂದು ಅಳತೆಗೂ ಹೊಂದುತ್ತದೆ. ಆದರೆ ಮೊದಲ ಸಲ ಓದುವ ಮಗುವಿಗೆ ಹೆಪ್ಪು ಕೆಳಗೆ ಇಳಿದು ಹೋಯಿತು, ಅಂದರೆ ಇನ್ನೂ ಆಳಕ್ಕೆ ಹೆಪ್ಪುಗಟ್ಟಿತು ಅಂತ ಅನ್ನಿಸಬಹುದಾ? ಮನೆಯಲ್ಲಿ ಮಕ್ಕಳಿರುವವರು ಸಂದರ್ಭ ಹೇಳದೆ ‘ನೆಲದ ಹೆಪ್ಪಿಳಿಯಿತು’ ಎಂಬ ಮಾತನ್ನು ಅವರ ಕಿವಿಗೆ ಹಾಕಿ, ಏನು ಅರ್ಥ ಮಾಡಿಕೊಂಡರು ಅಂತ ತಿಳಿಸಿದರೆ ತುಂಬ ಉಪಕಾರ. ಮಲೆನಾಡು, ಕೊಡಗಿನ ಕಡೆಯವರು, ಚಳಿಗೆ ಬಿಗಿದ ತುಪ್ಪವೋ ಜೇನೋ ತಾನಾಗಿ ಮೆತ್ತಗಾಗುವುದಕ್ಕೆ ನಿಮ್ಮ ಮನೆಯಲ್ಲಿ ಯಾವ ಕ್ರಿಯಾಪದ ಆಡುತ್ತೀರಿ ಅಂತಲೂ ಬರೆಯಿರಿ.